ಆಚಾರ್ಯರ ಅಪ್‌ಡೇಟು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಸ್ಟೇಪ್ಲರ್.

ನಂಜನಗೂಡಿನ ಬಜಾರ್ ರಸ್ತೆಯಲ್ಲಿ ‘ಶ್ರೀ ಗುರುಸಾರ್ವಭೌಮ ಕಂಪ್ಯೂಟರ್ ಜಾತಕ ಕೇಂದ್ರ’ ಎಂಬ ಬೋರ್ಡಿನ ಕೆಳಗೆ ಅನಂತಪದ್ಮನಾಭಾಚಾರ್ಯರು ಆಗಷ್ಟೇ ಬಂದು ಕುಳಿತಿದ್ದರು. ಕಪಿಲೆಯಲ್ಲಿ ಸ್ನಾನ, ಮನೆಯಲ್ಲಿ ಪೂಜೆ, ಮೈಮೇಲೆ ಗೋಪೀಚಂದನ, ಕಚ್ಚೆಪಂಚೆ, ಶಲ್ಯ, ಎಲ್ಲ ಕ್ರಮವಾಗಿ ಮುಗಿದಿತ್ತು. ಕಂಪ್ಯೂಟರಿಗೆ ಎರಡು ಊದುಬತ್ತಿ ಬೆಳಗಿ ಸ್ವಿಚ್ ಹಾಕಿದರು. ಅದು ಕೆಮ್ಮಿ, ಗೊರಗೊರ ಸದ್ದು ಮಾಡಿ, ಒಲ್ಲದ ಮನಸ್ಸಿನಿಂದ ಎದ್ದಿತು. ಪರದೆಯ ಮೂಲೆಯಲ್ಲಿ ದಿನವೂ ಬರುವ ಪ್ರಶ್ನೆ ಬಂತು. ಹೊಸ ಆವೃತ್ತಿ ಸಿದ್ಧವಿದೆ, ಈಗಲೇ ಹಾಕಲೇ, ಆಮೇಲೆ ಹಾಕಲೇ? ಆಚಾರ್ಯರು ವರ್ಷಗಳಿಂದ ‘ಆಮೇಲೆ’ ಒತ್ತುತ್ತಾ ಬಂದವರು. ಕಾಫಿ ತಪ್ಪಿದರೂ ಅದೊಂದು ತಪ್ಪಿದ್ದಿಲ್ಲ.

ಅಷ್ಟರಲ್ಲಿ ಎದುರಿನ ಮೊಬೈಲ್ ಅಂಗಡಿಯ ಜಗನ್ ಬಂದ. ಜಗನ್ ಒಳ್ಳೆಯವನೇ. ಆದರೆ ಕೈ ಸುಮ್ಮನಿರುವುದಿಲ್ಲ. ಯಾರ ಫೋನು ಕಂಡರೂ ಒಂದು ಸಲ ಒತ್ತಿ ನೋಡಬೇಕು, ಯಾರ ಗಾಡಿ ನಿಂತಿದ್ದರೂ ಒಂದು ಸಲ ಹಾರ್ನ್ ಮಾಡಬೇಕು.

“ಆಚಾರ್ರೇ, ಒಂದ್ನಿಮಿಷ ಸ್ಟೇಪ್ಲರ್ ಕೊಡ್ತೀರಾ?”

ಆಚಾರ್ಯರು ಮೇಜಿನ ಕೆಳಗಿನ ಡ್ರಾಯರಿಗೆ ಬಗ್ಗಿದರು. ಹುಡುಕಿ ತಲೆಯೆತ್ತುವಷ್ಟರಲ್ಲಿ ಪರದೆ ನೀಲಿಯಾಗಿ, ನಡುವೆ ಒಂದು ಚಕ್ರ ಗಿರಗಿರ ಸುತ್ತುತ್ತಿತ್ತು.

“ಏನು ಮಾಡಿದೆಯೋ?”

“ಏನೋ ಕೇಳ್ತಾ ಇತ್ತು ಆಚಾರ್ರೇ. ಪಾಪ, ಎಷ್ಟು ದಿನದಿಂದ ಕೇಳ್ತಾ ಇತ್ತೋ. ಈಗಲೇ ಹಾಕು ಅಂದೆ.”

ಆಚಾರ್ಯರ ಕೈಯಿಂದ ಸ್ಟೇಪ್ಲರ್ ಜಾರಿತು.

“ಗಾಬರಿ ಯಾಕೆ? ಹೊಸದಾಗ್ತಾ ಇದೆ ಅಷ್ಟೇ,” ಎಂದು ಜಗನ್ ಸಮಾಧಾನ ಹೇಳಿದ. “ನಿಮ್ಮದು ತೀರಾ ಹಳೇದಾಯ್ತು ಬಿಡಿ. ಇನ್ಮೇಲೆ ಹಳೇದನ್ನ ನೋಡ್ಕೊಳ್ಳಲ್ಲ ಅಂತ ಕಂಪನಿಯವರೇ ಹೇಳಿಬಿಟ್ಟಿದ್ದಾರೆ.”

“ಅವರು ಯಾಕೆ ನೋಡ್ಕೋಬೇಕು? ನಾನು ನೋಡ್ಕೋತಾ ಇರಲಿಲ್ವೇ? ಸ್ವಿಚ್ ಹಾಕಿದ್ರೆ ಹತ್ತುತ್ತಿತ್ತು, ತೆಗೆದ್ರೆ ಆರ್ತಿತ್ತು. ಇನ್ನೇನಯ್ಯಾ ಬೇಕು ಮನುಷ್ಯನಿಗೆ?”

ಚಕ್ರ ಸುತ್ತಿ ಸುತ್ತಿ ನಿಂತಾಗ ಪರದೆಯ ಮೇಲೆ ಯಾವುದೋ ಪರದೇಶದ ಬೆಟ್ಟ, ಸರೋವರ ಕಾಣಿಸಿತು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಜಾತಕದ ತಂತ್ರಾಂಶ ಒತ್ತಿದರೆ ಒಂದೇ ಉತ್ತರ: ಇದು ಬಹಳ ಹಳೆಯದು, ಇಲ್ಲಿ ನಡೆಯುವುದಿಲ್ಲ, ತಯಾರಿಸಿದವರನ್ನು ಸಂಪರ್ಕಿಸಿ. ತಯಾರಿಸಿದವರು ಮೈಸೂರಿನ ಒಬ್ಬ ಗಣಿತದ ಮೇಷ್ಟ್ರು. ಅವರ ವೈಕುಂಠ ಸಮಾರಾಧನೆಯಲ್ಲಿ ಆಚಾರ್ಯರೇ ಊಟ ಮಾಡಿ ಬಂದಿದ್ದರು. ಈಗ ಸಂಪರ್ಕಿಸಬೇಕಾದರೆ ತಾವೂ ಅಲ್ಲಿಗೇ ಹೋಗಬೇಕಿತ್ತು. ಆ ತಂತ್ರಾಂಶಕ್ಕೆ ಇನ್ನೊಂದು ಪ್ರತಿ ಇರಲಿಲ್ಲ, ಬೇರೆ ಯಂತ್ರದಲ್ಲಿ ಅದು ಬಾಯಿ ಬಿಡುತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ಆಚಾರ್ಯರು ಇಷ್ಟು ಕಂಗಾಲಾಗುತ್ತಿರಲಿಲ್ಲ. ಅಂದು ಸಂಜೆ ಬಿಳಿಗೆರೆಯ ಬೆಟ್ಟಸ್ವಾಮಿ ಬರುವವರಿದ್ದರು. ಬಾಳೆಕಾಯಿ ಮಂಡಿಯ ಬೆಟ್ಟಸ್ವಾಮಿ ಎಂದರೆ ಬಿಳಿಗೆರೆಯ ಸುತ್ತಮುತ್ತ ಮಾತು ನಡೆಯುವ ಮನುಷ್ಯ. ಅವರ ಮಗಳು ಗಾನವಿಗೆ ಟಿ. ನರಸೀಪುರದ ಗಂಡು ಗೊತ್ತಾಗಿತ್ತು. ಎರಡೂ ಜಾತಕಗಳನ್ನು ಕೊಟ್ಟು ಹೋಗಿದ್ದರು. ಅವರ ಮನೆಯ ಹುಡುಗರು, ಜಗನ್ ತನ್ನ ಫೋನಿನ ಜಾತಕದ ಆ್ಯಪ್‌ನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಕೂಡಿಸಿ ಕೊಡುತ್ತಾನೆ ಎಂದು ಹಠ ಹಿಡಿದಿದ್ದರಂತೆ. “ಮೊದ್ಲು ಆಚಾರ್ರು. ಅವ್ರಿಂದ ಆಗ್ನಿಲ್ಲ ಅಂದ್ರೆ ಎದುರುಗಡೆ ಅಂಗ್ಡಿ ಇದ್ದೇ ಅದೆ,” ಎಂದಿದ್ದರು ಬೆಟ್ಟಸ್ವಾಮಿ. ಬೆಟ್ಟಸ್ವಾಮಿ ಒಂದು ಸಲ ರಸ್ತೆ ದಾಟಿ ಜಗನ್ನನ ಅಂಗಡಿಗೆ ಹೋದರೆ ಇಡೀ ಬಿಳಿಗೆರೆಯೇ ರಸ್ತೆ ದಾಟುತ್ತದೆ ಎಂಬುದು ಆಚಾರ್ಯರಿಗೆ ಗೊತ್ತಿತ್ತು.

ವಿಷಯ ತಿಳಿದು ಹೆಂಡತಿ ಚಂಪಕ ಅಂಗಡಿಗೆ ಓಡಿ ಬಂದರು. “ಸೋಸಲೇಲಿ ನಮ್ಮ ಕೃಷ್ಣಪ್ರಸಾದ್ ಇಲ್ವೇನ್ರೀ? ಅವನಿಗೆ ಫೋನ್ ಮಾಡಿ,” ಎಂದರು. ಆತ ಚಂಪಕರ ಚಿಕ್ಕಮ್ಮನ ಮಗ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ, ನಿವೃತ್ತನಾಗಿ, ಊರವರು ಎಸೆದ ಹಳೇ ಕಂಪ್ಯೂಟರುಗಳನ್ನೆಲ್ಲ ಮನೆಗೆ ತಂದು ಸಾಕುತ್ತಿದ್ದ.

“ತನ್ನಿ ಭಾವ, ಕಂಪನಿಯ ಹಳೇ ಆವೃತ್ತಿಯ ಸೀಡಿ ನನ್ನ ಹತ್ರ ಇದೆ, ಹಿಂದಿನ ಹಾಗೇ ಮಾಡಿಕೊಡ್ತೀನಿ,” ಎಂದ ಆತ ಫೋನಿನಲ್ಲಿ. “ಆದ್ರೆ ಹುಷಾರು. ಒಳಗಿನ ಡಿಸ್ಕಿಗೆ ವಯಸ್ಸಾಗಿದೆ. ಬಸ್ಸಲ್ಲಿ ತೊಡೆ ಮೇಲೇ ಇಟ್ಟುಕೊಳ್ಳಿ. ಕುಲುಕಬಾರದು, ಯಾರ ಕೈಲೂ ಮುಟ್ಟಿಸಬಾರದು.”

ಕಂಪ್ಯೂಟರಿನ ಪೆಟ್ಟಿಗೆಯನ್ನು ಸುತ್ತಿಕೊಳ್ಳಲು ಆಚಾರ್ಯರು ಗೋಣಿಚೀಲ ಹುಡುಕಿದರು. ಅದರ ತುಂಬ ಮೆಣಸಿನಕಾಯಿ ಧೂಳು. ಚಂಪಕ ಮನೆಯಿಂದ ಒಂದು ಹಳೆಯ ಕೆಂಪು ಪಟ್ಟೆಮಡಿ ತಂದರು. “ಹೇಗೂ ಅಂಚು ಹರಿದಿದೆ. ಮೆತ್ತಗಿರತ್ತೆ, ಸುತ್ತಿಕೊಳ್ಳಿ,” ಎಂದು ತಾವೇ ಸುತ್ತಿ, ವೈರನ್ನೂ ಒಳಗೆ ತುರುಕಿ, ಗಂಟು ಹಾಕಿಕೊಟ್ಟರು.

ನರಸೀಪುರದ ಬಸ್ಸು ತುಂಬಿತ್ತು. ಆಚಾರ್ಯರು ಗಂಟನ್ನು ಎದೆಗವಚಿಕೊಂಡು ಹತ್ತಿದರು. ಕಂಡಕ್ಟರ್ ಪುಟ್ಟರಾಜು ಜನರ ನಡುವೆ ನುಸುಳಿ ಬಂದ.

“ಏನ್ ಸ್ವಾಮಿ ಅದು? ಇತ್ಲಾಗ್ ಕೊಡಿ, ಮ್ಯಾಲೆ ಮಡಗ್ತೀನಿ.”

“ಅಯ್ಯಯ್ಯೋ, ಮುಟ್ಟಬೇಡಪ್ಪ! ತೊಡೆ ಮೇಲೇ ಇರಬೇಕು ಇದು.”

ಪುಟ್ಟರಾಜು ಕೆಂಪು ಪಟ್ಟೆ ನೋಡಿದ. ಆಚಾರ್ಯರ ಮೈಮೇಲಿನ ಮುದ್ರೆಗಳನ್ನು ನೋಡಿದ. ಅವನ ದನಿ ಅರ್ಧಕ್ಕೆ ಇಳಿಯಿತು.

“ಎಲ್ಲಿಗ್ ಓಯ್ತಾ ಅದೆ ಸ್ವಾಮಿ?”

“ಸೋಸಲೆಗೆ.”

ಸೋಸಲೆಯಲ್ಲಿ ಮಠವಿರುವುದು ಆ ಬಸ್ಸಿನಲ್ಲಿ ಯಾರಿಗೆ ಗೊತ್ತಿಲ್ಲ? ಪುಟ್ಟರಾಜು ಚಪ್ಪಲಿ ಕಳಚಿ, ಮುಂದಿನ ಸೀಟಿನ ಕಡೆ ತಿರುಗಿ ಕೂಗಿದ. “ಏಯ್, ಎದ್ದೇಳ್ರಲಾ! ದ್ಯಾವ್ರು ಬತ್ತಾ ಅದೆ, ಕಾಣಾಕಿಲ್ವಾ?”

ಆಚಾರ್ಯರು ಬಾಯಿ ತೆರೆದರು. ‘ದೇವರಲ್ಲಪ್ಪ, ಕಂಪ್ಯೂಟರು’ ಎಂದು ಹೇಳುವುದಕ್ಕೇ ತೆರೆದದ್ದು. ಆದರೆ ಆಗಲೇ ಸೀಟು ಖಾಲಿಯಾಗಿತ್ತು. ಬಸ್ಸು ಹೊರಟಿತು. ನಿಂತಿದ್ದರೆ ಡಿಸ್ಕು ಕುಲುಕುತ್ತದೆ. ಕೂತು ಹೇಳೋಣ ಎಂದುಕೊಂಡು ಕೂತರು. ಕೂತ ಮೇಲೆ, ಇಳಿಯುವಾಗ ಹೇಳೋಣ ಎನಿಸಿತು. ‘ಆಮೇಲೆ’ ಒತ್ತುವುದು ಅವರಿಗೆ ರೂಢಿಯಾಗಿ ಹೋಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ಒಬ್ಬಳು ಕುಂಕುಮ ಹಚ್ಚಿದಳು. ಇನ್ನೊಬ್ಬರು ಅಕ್ಷತೆ ಹಾಕಿದರು. ಪಕ್ಕದಲ್ಲಿ ನಿಂತಿದ್ದ ಒಬ್ಬ ಮುದುಕರು ಗಂಟಿನಿಂದ ಇಣುಕುತ್ತಿದ್ದ ಕಪ್ಪು ವೈರಿನ ತುದಿ ಕಂಡು, “ಸುಬ್ರಮಣ್ಯಸ್ವಾಮಿ! ಬಾಲ ಕಾಣ್ತಾ ಅದೆ!” ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಅದನ್ನು ಕೇಳಿ ಹಿಂದಿನ ಸೀಟಿನಿಂದ ಒಂದು ಹಾಲಿನ ಪ್ಯಾಕೆಟ್ಟು ಕೈಯಿಂದ ಕೈಗೆ ಬಂತು.

“ಎರಡು ತೊಟ್ಟು ಹಾಕ್ತೀನಿ ಸ್ವಾಮಿ.”

“ಬೇಡ! ಒಂದು ತೊಟ್ಟು ತಾಗಿದ್ರೂ ಹೋಯ್ತು! ಸುಟ್ಟು ಹೋಗತ್ತೆ!” ಎಂದು ಆಚಾರ್ಯರು ಕಿರುಚಿದರು.

ಹಾಲಿನ ಪ್ಯಾಕೆಟ್ಟು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. “ಭಾಳ ಉಗ್ರ ದ್ಯಾವ್ರು ಕಣ್ರಪ್ಪ,” ಎಂದು ಯಾರೋ ಪಿಸುಗುಟ್ಟಿದರು. ನರಸೀಪುರ ಬರುವವರೆಗೆ ಯಾರೂ ಕೆಮ್ಮಲಿಲ್ಲ. ಆಚಾರ್ಯರಿಗೆ ನಾಚಿಕೆಯಿಂದ ಬೆವರು ಕಿತ್ತುಕೊಂಡು ಬಂತು. ಇಳಿಯುವಾಗ ಹೇಳಬೇಕೆಂದಿದ್ದವರು, ಇಳಿದದ್ದೇ ತಡ, ಆಟೋ ಹತ್ತಿ ಪರಾರಿಯಾದರು.

ಸೋಸಲೆಯಲ್ಲಿ ಕೃಷ್ಣಪ್ರಸಾದ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಒಳಗೆ ಇಣುಕಿದ.

“ಭಾವ, ಒಳಗೆ ಅಕ್ಷತೆ ಇದೆಯಲ್ಲ!”

“ಕೇಳಬೇಡ. ಮೊದಲು ಸರಿ ಮಾಡು.”

ಕೃಷ್ಣಪ್ರಸಾದ್ ಕೆಲಸ ಮಾಡುತ್ತಾ ಸುಮ್ಮನಿರುವ ಪೈಕಿಯಲ್ಲ. “ಇದಕ್ಕೇನಾಗಿದೆ ಭಾವ? ಏನೂ ಆಗಿಲ್ಲ. ಗಟ್ಟಿಮುಟ್ಟಾಗಿದೆ. ಅದೇ ಇದು ಮಾಡಿದ ತಪ್ಪು. ಹಳೇದು ಕೆಡದೇ ಇದ್ರೆ ಹೊಸದು ಯಾರು ಕೊಳ್ತಾರೆ? ಅದಕ್ಕೇ ಅಲ್ಲಿಂದ ಒಂದು ಅಪ್‌ಡೇಟು ಕಳಿಸಿ, ನಿನಗೆ ವಯಸ್ಸಾಯ್ತು ಮಲಕ್ಕೋ ಅಂತಾರೆ. ಇದು ಪಾಪ, ಹೇಳಿದ ಮಾತು ಕೇಳತ್ತೆ.”

“ಹಳೇದರೊಳಗೆ ಕಳ್ಳರು ನುಗ್ತಾರೆ ಅಂತಾನಲ್ಲ ಜಗನ್ನು?”

“ಅದೂ ಸುಳ್ಳಲ್ಲ. ಹಳೇ ಬೀಗ ತೆಗೆಯೋದು ಊರಿಗೆಲ್ಲ ಗೊತ್ತಾಗಿರತ್ತೆ. ಬೀಗ ಬದಲಾಯಿಸಿ ಅನ್ನಲಿ, ಒಪ್ಪೋಣ. ಬೀಗ ಹಳೇದಾಯ್ತು, ಮನೆ ಕೆಡವಿ ಅಂದ್ರೆ? ಅದು ನನ್ನ ಜಗಳ. ನೀವು ಒಂದು ಕೆಲಸ ಮಾಡಿ. ಇಂಟರ್‌ನೆಟ್ ವೈರನ್ನ ಇದರ ಹತ್ರಾನೇ ತರಬೇಡಿ. ಬಾಗಿಲೇ ಮುಚ್ಚಿದ ಮೇಲೆ ಕಳ್ಳನೂ ಇಲ್ಲ, ಅಪ್‌ಡೇಟೂ ಇಲ್ಲ.”

ಊಟವಾಯಿತು, ಎಲೆಯಡಿಕೆಯಾಯಿತು. ಕೊನೆಗೆ ಪರದೆಯ ಮೇಲಿನ ಪರದೇಶದ ಬೆಟ್ಟ ಹೋಗಿ, ಹಳೆಯ ಕಪ್ಪು ಹಿನ್ನೆಲೆ ಬಂತು. ಅದರ ಮೇಲೆ ಹಸಿರು ಅಕ್ಷರದಲ್ಲಿ ‘ಶ್ರೀ ಗುರುಭ್ಯೋ ನಮಃ’ ಮೂಡಿತು. ಆಚಾರ್ಯರಿಗೆ ನಿಜವಾಗಿಯೂ ಕಣ್ಣು ತುಂಬಿತು. ಇಷ್ಟು ವರ್ಷ ಅನ್ನ ಕೊಟ್ಟ ಯಂತ್ರ, ಒಬ್ಬ ತೀರಿಹೋದ ಸಜ್ಜನರು ಬರೆದ ಲೆಕ್ಕ. ಅವೆರಡನ್ನೂ ಅವರು ಒಂದೇ ಬೆಳಿಗ್ಗೆ ಕಳೆದುಕೊಂಡಿದ್ದರು, ಈಗ ಎರಡೂ ವಾಪಸ್ಸು ಸಿಕ್ಕಿದ್ದವು. ಕೃಷ್ಣಪ್ರಸಾದನ ಎರಡೂ ಕೈ ಹಿಡಿದುಕೊಂಡು, “ನಿನ್ನ ಋಣ ತೀರಿಸೋಕಾಗಲ್ಲಪ್ಪ,” ಎಂದರು.

ವಾಪಸ್ಸು ಹೋಗುವಾಗ ಗೋಣಿಚೀಲದಲ್ಲೇ ಒಯ್ಯಬೇಕೆಂದು ಅವರ ಆಸೆ. ಕೃಷ್ಣಪ್ರಸಾದನ ಮನೆಯ ಚೀಲಗಳಲ್ಲೆಲ್ಲ ಭತ್ತ ತುಂಬಿತ್ತು. ಮತ್ತೆ ಅದೇ ಕೆಂಪು ಪಟ್ಟೆ. ನರಸೀಪುರದಲ್ಲಿ ಬಸ್ಸು ಹತ್ತಿದರೆ, ಅದೇ ಬಸ್ಸು, ಅದೇ ಪುಟ್ಟರಾಜು.

“ಪೂಜೆ ಎಲ್ಲಾ ಆಯ್ತಾ ಸ್ವಾಮಿ? ಬನ್ನಿ ಬನ್ನಿ. ಲೇಯ್, ಜಾಗ ಬುಡ್ರಲಾ! ದ್ಯಾವ್ರು ತಿರ್ಗಾ ಊರಿಗ್ ಓಯ್ತಾ ಅದೆ!”

ಈ ಸಲ ಆಚಾರ್ಯರು ಬಾಯಿ ತೆರೆಯುವ ಗೋಜಿಗೇ ಹೋಗಲಿಲ್ಲ. ಸಂಜೆಯಾಗುತ್ತಾ ಬಂದಿತ್ತು. ಬೆಟ್ಟಸ್ವಾಮಿ ಬರುವ ಮುಂಚೆ ಅಂಗಡಿ ಸೇರಿದರೆ ಸಾಕಿತ್ತು.

ಬಿಳಿಗೆರೆಯಲ್ಲಿ ಒಬ್ಬ ಅಜ್ಜಿ ಹತ್ತಿದಳು. ಹಣೆಯ ಮೇಲೆ ವಿಭೂತಿ, ಸೊಂಟದಲ್ಲಿ ಎಲೆಯಡಿಕೆ ಚೀಲ, ಒಂದು ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಹೂವು, ಇನ್ನೊಂದರಲ್ಲಿ ಚೆಂಬು. ಪುಟ್ಟರಾಜು ಅವಳ ಕಿವಿಯಲ್ಲಿ ಏನೋ ಹೇಳಿದ. ಅಜ್ಜಿ ಸೆರಗು ಸರಿಮಾಡಿಕೊಂಡು ಆಚಾರ್ಯರ ಮುಂದೆ ಬಂದು ನಿಂತಳು.

“ಸ್ವಾಮ್ಯಾರೇ, ನಮ್ಮನೇಲಿ ಒಂದು ಒಳ್ಳೆ ಕೆಲ್ಸ ನಿಂತೋಗದೆ. ಅಪ್ಪಣೆ ಆಗ್ದೆ ನಾನು ಊಂ ಅನ್ನಾಕಿಲ್ಲ. ನಂಜನಗೂಡಿಗೇ ಓಗಿ ಕೇಳಾನ ಅಂತ ಒಂಟಿದ್ದೆ. ದಾರೀಲೇ ಸಿಕ್ತಲ್ಲ, ಒಂದು ಊವ ಕೇಳ್ಲಾ?”

“ಅಮ್ಮಾ, ಅದು... ಇದು ಅಂಥದ್ದಲ್ಲಮ್ಮ...”

“ಮುಟ್ಟಾಕಿಲ್ಲ ಕಣಪ್ಪ. ಮ್ಯಾಲೆ ಮಡಗ್ತೀನಿ ಅಷ್ಟೇಯ.”

ಗಂಟಿನ ನೆತ್ತಿಯ ಮೇಲೆ ಒಂದು ಸೇವಂತಿಗೆ ಇಟ್ಟು, ಕಣ್ಣು ಮುಚ್ಚಿ, ಕೈಮುಗಿದು ನಿಂತಳು. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಕೂಡದು. ಬಸ್ಸಿನವರೆಲ್ಲ ಕತ್ತು ಚಾಚಿದರು. ಆಚಾರ್ಯರು ಮಾತ್ರ ಅವಳ ಚೆಂಬಿನಲ್ಲಿ ನೀರಿದೆಯೇ ಎಂದು ನೋಡುತ್ತಿದ್ದರು. ಅಷ್ಟರಲ್ಲಿ ರಸ್ತೆಯುಬ್ಬು ಬಂತು. ಡ್ರೈವರ್ ಅದನ್ನು ಗಮನಿಸಲೇ ಇಲ್ಲ. ಬಸ್ಸು ನೆಗೆಯಿತು, ಗಂಟು ನೆಗೆಯಿತು, ಸೇವಂತಿಗೆ ಟಪ್ಪನೆ ಬಲಗಡೆಗೆ ಬಿತ್ತು.

“ಬಲಗಡೆ! ಬಲಗಡೆ ಕೊಡ್ತು!” ಎಂದು ಬಸ್ಸೆಲ್ಲ ಕೂಗಿತು. ಅಜ್ಜಿ ಅಳುತ್ತಾ, ನಗುತ್ತಾ, ಸೊಂಟದಿಂದ ಫೋನು ತೆಗೆದು, “ಅಪ್ಪಣೆ ಆಗೋಯ್ತು ಕಣ್ಲಾ! ನಂದೇನೂ ತಕರಾರಿಲ್ಲ, ಮುಂದುಕ್ಕೆ ನೋಡ್ಲಾ!” ಎಂದು ಯಾರಿಗೋ ಕೂಗಿ ಹೇಳಿದಳು. ಆಚಾರ್ಯರು ಡಿಸ್ಕಿಗೆ ಏನಾಯಿತೋ ಎಂದು ಗಂಟಿಗೆ ಕಿವಿಗೊಟ್ಟರು. ಅದನ್ನು ಕಂಡ ಜನ, ದೇವರು ಇನ್ನೂ ಏನೋ ಹೇಳುತ್ತಿದೆ ಎಂದು ಇನ್ನೊಮ್ಮೆ ಕೈಮುಗಿದರು.

ಅಂಗಡಿ ಸೇರಿದ ಕೂಡಲೇ ಆಚಾರ್ಯರು ಪಟ್ಟೆಯನ್ನು ಅರ್ಧ ಬಿಚ್ಚಿ, ವೈರು ಸಿಕ್ಕಿಸಿ, ದೇವರನ್ನು ನೆನೆದು ಸ್ವಿಚ್ ಹಾಕಿದರು. ಯಂತ್ರ ಕೆಮ್ಮಿ ಎದ್ದಿತು. ಡಿಸ್ಕಿಗೆ ಏನೂ ಆಗಿರಲಿಲ್ಲ. ಗಾನವಿಯ ಜಾತಕ ಹಾಕಿದರು, ನರಸೀಪುರದ ಗಂಡಿನದು ಹಾಕಿದರು. ಪ್ರಿಂಟರ್ ಕರ್ರೋ ಎಂದು ಓಡತೊಡಗಿತು. ಆ ಸದ್ದು ಅವರಿಗೆ ನಾದಸ್ವರದಂತೆ ಕೇಳಿತು. ಏನು ಅಚ್ಚಾಗುತ್ತಿದೆ ಎಂದು ನೋಡುವುದಕ್ಕೂ ಮುಂಚೆ ಬೆಟ್ಟಸ್ವಾಮಿ ಬಾಗಿಲಲ್ಲಿ ಕಾಣಿಸಿದರು, ಕೈಯಲ್ಲಿ ಮೈಸೂರು ಪಾಕಿನ ಡಬ್ಬ. ಅವರ ಬೆನ್ನಿಗೇ ಜಗನ್, ಕೈಯಲ್ಲಿ ಫೋನು.

“ಬನ್ನಿ ಬನ್ನಿ. ಎಲ್ಲ ಸಿದ್ಧವಾಗಿದೆ,” ಎಂದರು ಆಚಾರ್ಯರು, ಜಗನ್ನನನ್ನು ಓರೆಗಣ್ಣಿನಿಂದ ನೋಡಿ.

“ಇನ್ನು ಅದೇನೂ ಬ್ಯಾಡ ಸ್ವಾಮಿ. ಒಪ್ಗೆ ಆಗೋಯ್ತು! ತಕಳಿ, ಬಾಯ್ ಸಿಹಿ ಮಾಡ್ಕಳಿ,” ಎಂದು ಬೆಟ್ಟಸ್ವಾಮಿ ಒಂದು ತುಂಡನ್ನು ಅವರ ಬಾಯಿಗೇ ಇಟ್ಟರು. “ನಾವೆಲ್ಲ ಒಪ್ಪಿದ್ರೂ ನಮ್ಮವ್ವ ಚನ್ನಾಜಮ್ಮ ಒಪ್ಪಿರ್ನಿಲ್ಲ. ದ್ಯಾವ್ರು ಊವ ಕೊಡೋಗಂಟ ಬ್ಯಾಡ ಅಂತಿದ್ಲು. ಇವತ್ತು ಬಸ್ಸಲ್ಲೇ ಯಾವ್ದೋ ಸುಬ್ರಮಣ್ಯ ಬಂದು, ಬಲಗಡೆ ಕೊಡ್ತಂತೆ. ಜಾತ್ಕ ತೋರ್ಸ್ತೀನಿ ಅಂತ ನಿಮ್ಗೆ ಮಾತು ಕೊಟ್ಟಿದ್ನಲ್ಲ, ಅದ್ಕೇ ಏಳಿ ಓಗಾನ ಅಂತ ಬಂದೆ.”

ಮೈಸೂರು ಪಾಕು ಆಚಾರ್ಯರ ಗಂಟಲಲ್ಲಿ ನಿಂತಿತು. ನೀರು, ನೀರು ಎಂದು ಸನ್ನೆ ಮಾಡುತ್ತಿರುವಾಗ, ಕೈ ಸುಮ್ಮನಿರದ ಜಗನ್ ಪ್ರಿಂಟರಿನಿಂದ ಹಾಳೆ ಹರಿದು ಗಟ್ಟಿಯಾಗಿ ಓದಿದ. “ಈ ಜಾತಕಗಳು ಪರಸ್ಪರ ಕೂಡುವುದಿಲ್ಲ. ವಿವಾಹ ಯೋಗ್ಯವಲ್ಲ.”

ಬೆಟ್ಟಸ್ವಾಮಿಯ ಮುಖ ಸಪ್ಪಗಾಯಿತು. “ಅಂಗಂದ್ರೆ? ದ್ಯಾವ್ರು ಆಗ್ಲಿ ಅಂತದೆ, ಇದು ಬ್ಯಾಡ ಅಂತದಾ?”

ಅಷ್ಟರಲ್ಲಿ ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿಕೊಂಡು, ಮಗನನ್ನು ಹುಡುಕುತ್ತಾ ಚನ್ನಾಜಮ್ಮ ಮೆಟ್ಟಿಲು ಹತ್ತಿದಳು, ಬಸ್ಸಿನಲ್ಲಿ ಹೂವು ಕೇಳಿದ ಅದೇ ಅಜ್ಜಿ. ಆಚಾರ್ಯರನ್ನು ಕಂಡಳು. ಮೇಜಿನ ಮೇಲೆ ಅರ್ಧ ಬಿಚ್ಚಿದ ಕೆಂಪು ಪಟ್ಟೆ ಕಂಡಳು, ಅದರಿಂದ ಹೊರಟ ಕಪ್ಪು ವೈರು ಕಂಡಳು. ಅಲ್ಲೇ ನಿಂತಳು.

“ಇದೇ ಕಣ್ಲಾ ಬೆಟ್ಟಸ್ವಾಮಿ. ಬಸ್ಸಲ್ಲಿ ಬಂದುದ್ದು ಇದೇಯಾ.”

ಆಚಾರ್ಯರು ಬೆಳಿಗ್ಗೆಯಿಂದ ಮುಂದಕ್ಕೆ ಹಾಕುತ್ತಾ ಬಂದ ಮಾತನ್ನು ಇನ್ನು ಮುಂದಕ್ಕೆ ಹಾಕುವಂತಿರಲಿಲ್ಲ. ಎದ್ದು ನಿಂತು ಕೈಮುಗಿದರು. “ತಪ್ಪಾಯ್ತಮ್ಮ. ಇದು ದೇವರಲ್ಲ. ನನ್ನ ಕಂಪ್ಯೂಟರು. ಜಾತಕ ನೋಡೋ ಕಂಪ್ಯೂಟರು. ರಿಪೇರಿಗೆ ತಗೊಂಡು ಹೋಗಿದ್ದೆ. ಹೇಳೋಕೆ ಬಾಯಿ ಬರಲಿಲ್ಲ.”

ಅಂಗಡಿ ಮುಳುಗಿತು, ಮರ್ಯಾದೆಯೂ ಮುಳುಗಿತು ಎಂದೇ ಅವರು ತಿಳಿದದ್ದು. ಚನ್ನಾಜಮ್ಮ ಹತ್ತಿರ ಬಂದು ಯಂತ್ರವನ್ನು ಮೇಲಿಂದ ಕೆಳಗೆ ನೋಡಿದಳು.

“ಜಾತ್ಕ ನೋಡೋದೇಯಾ ಇದು?”

“ಹೌದಮ್ಮ.”

“ಅಂಗಾರೆ ನಾನು ಸರಿಯಾಗೇ ಕೇಳಿವ್ನಿ ಬುಡಿ. ಗೊತ್ತಿರೋರ್ನೇ ಕೇಳ್ದಂಗಾಯ್ತು.”

“ಅಲ್ಲಮ್ಮ, ಅದು ಈಗ ಕೂಡಲ್ಲ ಅಂತ ಹೇಳ್ತಾ ಇದೆಯಲ್ಲ.”

“ಬಸ್ಸಲ್ಲಿ ಇದ್ಕೆ ಕರೆಂಟ್ ಕೊಟ್ಟಿದ್ರಾ?”

“ಇಲ್ಲ.”

“ಈಗ?”

“ಕೊಟ್ಟಿದ್ದೀನಿ.”

“ನೋಡಿದ್ರಾ ಮತ್ತೆ! ಯಾರೂ ಏನೂ ಚುಚ್ಚದೆ ಇದ್ದಾಗ ತಾನೇ ತಾನಾಗಿ ಏಳಿದ್ದು ಅದು. ಈಗ ವೈರ್ ಚುಚ್ಚಿ ನೀವು ಏಳಿಸ್ತಾ ಇರಾದು ಇದು. ಯಾವ್ದು ನಂಬಾನ? ತಗೀರಿ ಮೊದ್ಲು ಆ ವೈರ್‌ನ, ಪಾಪ!”

ಬೆಟ್ಟಸ್ವಾಮಿಯ ಮುಖ ಮತ್ತೆ ಅರಳಿತು. “ಅವ್ವ ಏಳೋದ್ರಲ್ಲಿ ನ್ಯಾಯ ಅದೆ ಸ್ವಾಮಿ,” ಎಂದರು. ಆಚಾರ್ಯರು ಗ್ರಹಗತಿ, ಗಣಿತ, ಮೇಷ್ಟ್ರ ಲೆಕ್ಕ ಎಂದು ಏನೇನೋ ಹೇಳಹೊರಟರು. ಕೇಳುವವರು ಯಾರೂ ಇರಲಿಲ್ಲ. ಚನ್ನಾಜಮ್ಮ ತಾನೇ ಪ್ಲಗ್ ಕಿತ್ತು, ಪಟ್ಟೆಯನ್ನು ಮತ್ತೆ ನೀಟಾಗಿ ಹೊದಿಸಿ, ತೆಂಗಿನಕಾಯಿಯ ಒಂದು ಹೋಳನ್ನು ಮುಂದಿಟ್ಟಳು. ಅಷ್ಟು ಹೊತ್ತಿಗೆ ಪುಟ್ಟರಾಜುವಿನ ಬಸ್ಸಿನ ಅರ್ಧ ಜನ ವಿಚಾರಿಸಿಕೊಂಡು ಬಾಗಿಲಿಗೆ ಬಂದಿದ್ದರು. ಒಬ್ಬರಿಗೆ ಕೊಳವೆಬಾವಿ ತೆಗೆಸಬೇಕಿತ್ತು, ಇನ್ನೊಬ್ಬರಿಗೆ ಹಸು ಕೊಳ್ಳಬೇಕಿತ್ತು. ಎಲ್ಲರ ಕೈಯಲ್ಲೂ ಹೂವು.

“ಮದ್ವೆಗೊಂದು ಮುಹೂರ್ತ ಮಾತ್ರ ತಗ್ದುಕೊಟ್ಬುಡಿ ಸ್ವಾಮಿ, ಇವತ್ತೇ ಬೇಕು,” ಎಂದರು ಬೆಟ್ಟಸ್ವಾಮಿ. “ಗಂಡಿನ್ ಕಡೆಯೋರು ಫೋನಲ್ಲಿ ಕಾಯ್ತಾವ್ರೆ.”

“ಒಂದೇ ನಿಮಿಷ, ಯಂತ್ರ ಹಾಕಿ...”

“ಇನ್ನೊಂದ್ಸಲ ಅದ್ಕೆ ಕರೆಂಟ್ ಕೊಟ್ಟುದ್ದೇ ಆದ್ರೆ ನೋಡಿ!” ಎಂದು ಚನ್ನಾಜಮ್ಮ ಯಂತ್ರಕ್ಕೆ ಅಡ್ಡ ನಿಂತಳು. ಕ್ಯೂನಲ್ಲಿದ್ದವರೆಲ್ಲ ಅವಳ ಪಕ್ಷ. ಯಂತ್ರವಿಲ್ಲದೆ ಕೈಯಲ್ಲಿ ಲೆಕ್ಕ ಹಾಕುವುದನ್ನು ಆಚಾರ್ಯರು ಎಂದೋ ಬಿಟ್ಟಿದ್ದರು.

ಅಂದು ಬಿಳಿಗೆರೆಯವರು ಒಬ್ಬರೂ ರಸ್ತೆ ದಾಟಲಿಲ್ಲ. ದಾಟಿದ್ದು ಆಚಾರ್ಯರು, ಎರಡು ಜಾತಕಗಳನ್ನು ಶಲ್ಯದೊಳಗೆ ಬಚ್ಚಿಟ್ಟುಕೊಂಡು.

“ಬನ್ನಿ ಆಚಾರ್ರೇ, ಕೂತ್ಕೊಳ್ಳಿ. ಮುಹೂರ್ತ ತಾನೇ?” ಎಂದು ಜಗನ್ ಓಡಿ ಬಂದು ಸ್ಟೂಲು ಒರೆಸಿದ. “ದಿನಾ ಇಲ್ಲಿಗೆ ಬರೋ ತೊಂದ್ರೆ ನಿಮಗ್ಯಾಕೆ? ನಿಮ್ಮ ಫೋನಿಗೇ ಆ್ಯಪ್ ಹಾಕಿಕೊಡ್ತೀನಿ, ಕೊಡಿ.”

ಆಚಾರ್ಯರು ಫೋನು ಕೊಟ್ಟರು. ಜಗನ್ ಅದನ್ನು ಒತ್ತಿದ, ತಿರುಗಿಸಿದ, ಇನ್ನೊಮ್ಮೆ ಒತ್ತಿದ.

“ಆಗಲ್ಲ ಆಚಾರ್ರೇ, ಇದು ಹಳೇದಾಯ್ತು. ಕಂಪನಿಯವರು ಇದನ್ನ ನೋಡ್ಕೊಳ್ಳೋದು ಬಿಟ್ಟು ಎಷ್ಟೋ ಕಾಲ ಆಯ್ತು,” ಎನ್ನುತ್ತಾ ಅವನು ಹೊಸ ಫೋನುಗಳ ಗಾಜಿನ ಪೆಟ್ಟಿಗೆಯ ಬೀಗ ತೆಗೆದ.